ಚಿಕ್ಕಪ್ಪ ಕಳಿಸಿದ ಗ್ರಾಫ್ ಯಾವ ವರ್ಷದಿಂದ ಶುರುವಾಗುತ್ತದೆ?

ಪ್ರಶ್ನೆ: ಸರ್, ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಚಿಕ್ಕಪ್ಪ ನಿವೃತ್ತ ಎಂಜಿನಿಯರ್. ಈಗ ತೋಟ ನೋಡಿಕೊಳ್ಳುತ್ತಾರೆ, ಅಜ್ಜನ ಕಾಲದಿಂದ ಬಂದ ಮಳೆ ಪುಸ್ತಕದಲ್ಲಿ ದಿನವೂ ಲೆಕ್ಕ ಬರೆದಿಡುತ್ತಾರೆ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಭೂಮಿ ಬಿಸಿಯಾಗುವ ಮಾತು ಬಂದರೆ ಸಾಕು, ಗ್ರಾಫ್ ಮೇಲೆ ಗ್ರಾಫ್ ಕಳಿಸುತ್ತಾರೆ. 1998ರ ನಂತರ ಬಿಸಿ ಏರಿಲ್ಲ ಅನ್ನುತ್ತಾರೆ. ವಿಜ್ಞಾನಿಗಳು ಹಳೆಯ ದಾಖಲೆ ತಿದ್ದಿದ್ದಾರೆ ಅನ್ನುತ್ತಾರೆ. ಬೆಂಗಳೂರಿನ ಸೆಕೆಗೆ ಕಾಂಕ್ರೀಟ್ ಕಾರಣ, ಉಪಗ್ರಹದ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ ಅನ್ನುತ್ತಾರೆ. ಅವರು ಹೇಳುವುದು ತಪ್ಪು ಅಂತ ನನಗೆ ಅನಿಸುತ್ತದೆ. ಆದರೆ ಉತ್ತರ ಕೊಡಲು ಹೋದರೆ ಮಾತು ಜಗಳಕ್ಕೆ ತಿರುಗುತ್ತದೆ. ಏನು ಹೇಳಲಿ?

ಉತ್ತರ: ಚಿಕ್ಕಪ್ಪ ಮಳೆ ಪುಸ್ತಕ ಬರೆದಿಡುತ್ತಾರೆ ಅಂದಿರಲ್ಲ, ಅದನ್ನು ಓದಿ ಖುಷಿಯಾಯಿತು. ನಿಮ್ಮ ವಾದಕ್ಕೆ ಬೇಕಾದ ಅರ್ಧ ಸಾಮಗ್ರಿ ಆ ಪುಸ್ತಕದಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 1998ರ ಮಾತು. ಇದು ಬಹಳ ಹಳೆಯ ವಾದ. ಮೇಲ್ನೋಟಕ್ಕೆ ಸರಿ ಅಂತಲೂ ಕಾಣುತ್ತದೆ. 1997ರಲ್ಲಿ ಪೆಸಿಫಿಕ್ ಸಾಗರದಲ್ಲಿ ಭಾರೀ ಎಲ್ ನಿನೊ ಎದ್ದಿತು. ಎಲ್ ನಿನೊ ವರ್ಷದಲ್ಲಿ ಪಶ್ಚಿಮ ಪೆಸಿಫಿಕ್‌ನಲ್ಲಿ ಕೂಡಿಕೊಂಡಿದ್ದ ಬಿಸಿ ನೀರು ಪೂರ್ವದ ಕಡೆ ಹರಡುತ್ತದೆ. ಆ ಶಾಖ ಗಾಳಿಗೆ ಸೇರುತ್ತದೆ. ಹಾಗಾಗಿ 1998 ತನ್ನ ಹಿಂದು ಮುಂದಿನ ವರ್ಷಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾಯಿತು. (ಚಿಕ್ಕಪ್ಪನಿಗೆ ನೆನಪಿರಬಹುದು, 1997ರಲ್ಲಿ ಎಲ್ ನಿನೊ ಅಷ್ಟು ಜೋರಾಗಿದ್ದರೂ ದೇಶದ ಮುಂಗಾರು ಕೈಕೊಡಲಿಲ್ಲ. ಎಲ್ ನಿನೊ ಅಂದರೆ ಬರ ಅಂತ ಕಣ್ಣುಮುಚ್ಚಿ ಹೇಳಲು ಆಗುವುದಿಲ್ಲ.)

ಈಗ ಆ ಎತ್ತರದ ವರ್ಷದಿಂದ ಗ್ರಾಫ್ ಶುರು ಮಾಡಿ, 2008ಕ್ಕೋ 2012ಕ್ಕೋ ನಿಲ್ಲಿಸಿ. ಗೆರೆ ಹೆಚ್ಚುಕಡಿಮೆ ಸಪಾಟಾಗಿ ಕಾಣುತ್ತದೆ. ಅದರಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಆದರೆ ಶುರುವಿನ ವರ್ಷವನ್ನು ಆರಿಸಿಕೊಂಡ ರೀತಿ ಸರಿಯಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಚಿನ್ನದ ದರವನ್ನೇ ನೋಡಿ. 2012ರಿಂದ 2015ರವರೆಗಿನ ದರ ಮಾತ್ರ ತೋರಿಸಿದರೆ ಚಿನ್ನ ವರ್ಷ ವರ್ಷ ಅಗ್ಗವಾಗುತ್ತಿದೆ ಅಂತ ಹೇಳಬಹುದು. ಮಗಳ ಮದುವೆಗೆ ಒಡವೆ ಮಾಡಿಸಿದವರು ಯಾರೂ ಆ ಮಾತು ಒಪ್ಪುವುದಿಲ್ಲ, ಅಲ್ವಾ?

ಚಿಕ್ಕಪ್ಪ ಎಂಜಿನಿಯರ್ ಆಗಿರುವುದರಿಂದ ಈ ಲೆಕ್ಕ ಅವರಿಗೆ ಹಿಡಿಸಬಹುದು. 1970ರ ದಶಕದಿಂದ ಈಚೆಗೆ ಭೂಮಿಯ ಸರಾಸರಿ ತಾಪಮಾನ ಹತ್ತು ವರ್ಷಕ್ಕೆ ಸುಮಾರು 0.2 ಡಿಗ್ರಿಯಂತೆ ಏರುತ್ತಿದೆ. ಎಲ್ ನಿನೊ, ಅದಕ್ಕೆ ವಿರುದ್ಧವಾಗಿ ತಂಪು ತರುವ ಲಾ ನಿನಾ, ಜ್ವಾಲಾಮುಖಿ ಇವೆಲ್ಲ ಸೇರಿ ಒಂದು ವರ್ಷದಿಂದ ಇನ್ನೊಂದಕ್ಕೆ ಆಗುವ ಏರಿಳಿತವೂ 0.1ರಿಂದ 0.2 ಡಿಗ್ರಿ ಇರುತ್ತದೆ. ಅಂದರೆ ಹತ್ತು ವರ್ಷದ ಏರಿಕೆಯೂ ಒಂದು ವರ್ಷದ ಅಲುಗಾಟವೂ ಹತ್ತಿರ ಹತ್ತಿರ ಒಂದೇ ಅಳತೆ. ಹಾಗಿರುವಾಗ ಎಂಟು ಹತ್ತು ವರ್ಷದ ತುಂಡು ನೋಡಿ ಏರಿದೆ, ನಿಂತಿದೆ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಇದು ಎರಡೂ ಕಡೆಯವರಿಗೆ ಅನ್ವಯಿಸುತ್ತದೆ. ಹವಾಮಾನದವರು ಸರಾಸರಿ ಲೆಕ್ಕಕ್ಕೆ 30 ವರ್ಷ ಹಿಡಿಯುವ ಪದ್ಧತಿ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ.

ಇದೇ ವಿಷಯಕ್ಕೆ 2010ರಲ್ಲಿ ದೊಡ್ಡ ಗದ್ದಲವಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಫಿಲ್ ಜೋನ್ಸ್ ಅವರನ್ನು ಬಿಬಿಸಿ ಒಂದು ಪ್ರಶ್ನೆ ಕೇಳಿತ್ತು. 1995ರಿಂದ ಈಚೆಗಿನ ಏರಿಕೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಖಚಿತವೇ ಅಂತ. ಏರಿಕೆ ಇದೆ, ಹತ್ತು ವರ್ಷಕ್ಕೆ 0.12 ಡಿಗ್ರಿ, ಆದರೆ ಶೇ 95ರ ಖಚಿತತೆಗೆ ಸ್ವಲ್ಪದರಲ್ಲಿ ತಪ್ಪಿದೆ ಅನ್ನುವುದು ಅವರ ಉತ್ತರದ ಸಾರ. ಪ್ರಾಮಾಣಿಕ ಉತ್ತರ. ಮರುದಿನದ ಸುದ್ದಿಗಳಲ್ಲಿ ಅದು ‘1995ರಿಂದ ಬಿಸಿ ಏರಿಲ್ಲ ಅಂತ ವಿಜ್ಞಾನಿಯೇ ಒಪ್ಪಿಕೊಂಡರು’ ಅಂತಾಯಿತು. ಇನ್ನೊಂದು ವರ್ಷದ ಅಂಕಿ ಸೇರಿದ ಮೇಲೆ, 2011ರಲ್ಲಿ, ಅದೇ ಏರಿಕೆ ಆ ಖಚಿತತೆಯ ಗೆರೆಯನ್ನೂ ದಾಟಿತು. ಆ ಸುದ್ದಿ ಮೊದಲಿನದರಷ್ಟು ಓಡಲಿಲ್ಲ.

1998ರ ವಾದಕ್ಕೆ ಈಗ ಉತ್ತರ ಹೇಳುವುದು ಸುಲಭ. 2014ರಿಂದ ಈಚೆಗಿನ ಒಂದೊಂದು ವರ್ಷವೂ 1998ಕ್ಕಿಂತ ಬಿಸಿ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ, 2024ರ ಕೊನೆಯವರೆಗಿನ ದಾಖಲೆಯಲ್ಲಿ 2015ರಿಂದ 2024ರವರೆಗಿನ ಹತ್ತು ವರ್ಷಗಳೇ ಹತ್ತು ಅತಿ ಬಿಸಿ ವರ್ಷಗಳು. 2021 ಮತ್ತು 2022ರಲ್ಲಿ ಲಾ ನಿನಾ ಇತ್ತು. ಅಂದರೆ ಪೆಸಿಫಿಕ್ ತಂಪಾಗಿದ್ದ ವರ್ಷಗಳು. ಅವೂ ಎಲ್ ನಿನೊದ ಜ್ವರ ಬಂದಿದ್ದ 1998ಕ್ಕಿಂತ ಬಿಸಿಯಾಗಿದ್ದವು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇಷ್ಟೊಂದು ಹೇಳುವ ಇನ್ನೊಂದು ಸಂಗತಿ ಇಲ್ಲ. ಚಿಕ್ಕಪ್ಪನಿಗೆ ಒಂದೇ ಒಂದು ಮಾತು ಹೇಳಲು ಅವಕಾಶ ಸಿಕ್ಕರೆ ಇದನ್ನೇ ಹೇಳಿ.

ಇನ್ನು ದಾಖಲೆ ತಿದ್ದಿದ ಆರೋಪ. ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಯಾಕೆಂದರೆ ಆರೋಪದ ಮೊದಲ ಅರ್ಧ ನಿಜ. ಹಳೆಯ ಅಂಕಿಗಳನ್ನು ತಿದ್ದಿದ್ದಾರೆ. ಇಲ್ಲ ಅಂತ ನೀವು ವಾದಿಸಲು ಹೋದರೆ ಸೋಲುತ್ತೀರಿ. ಯಾಕೆ ತಿದ್ದಿದರು, ತಿದ್ದಿದ್ದರಿಂದ ಏನಾಯಿತು ಅನ್ನುವುದನ್ನು ಹೇಳಬೇಕು.

ನಮ್ಮ ದೇಶದ್ದೇ ಒಂದು ಉದಾಹರಣೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರ ಎಂಬಲ್ಲಿನ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶದ ದಾಖಲೆ ರಾಜಸ್ಥಾನದ ಫಲೋಡಿಯದ್ದು, 2016ರ ಮೇನಲ್ಲಿ 51 ಡಿಗ್ರಿ. ಅದೂ ಮುರಿಯಿತು ಅಂತ ಎಲ್ಲ ಕಡೆ ಸುದ್ದಿಯಾಯಿತು. ಹವಾಮಾನ ಇಲಾಖೆ ಆ ಉಪಕರಣವನ್ನು ಪರೀಕ್ಷಿಸಿತು. ಅದು 3 ಡಿಗ್ರಿ ಜಾಸ್ತಿ ತೋರಿಸುತ್ತಿದೆ ಅಂತ ಪ್ರಕಟಿಸಿತು. ಆ ದಿನ ನಾನೂ 52.9ರ ಸುದ್ದಿಯನ್ನು ಕೆಲವರಿಗೆ ಕಳಿಸಿದ್ದೆ. ಪಕ್ಕದ ಕೇಂದ್ರಗಳು ಅಷ್ಟು ತೋರಿಸುತ್ತಿಲ್ಲ ಅನ್ನುವುದನ್ನು ನೋಡಿ ಆಮೇಲೆ ಕಳಿಸಬೇಕಿತ್ತು. ಕಳಿಸಿದ ಒಬ್ಬೊಬ್ಬರಿಗೂ ಮತ್ತೆ ಬರೆದು ತಿದ್ದಿದೆ.

ಇಲ್ಲಿ ತಿದ್ದಿದ್ದು ಯಾವ ದಿಕ್ಕಿಗೆ ಅಂತ ಗಮನಿಸಿ. ಕೆಳಕ್ಕೆ. ಬಿಸಿಯ ಸುದ್ದಿ ಬೇಕು ಅನ್ನುವವರು ಆ ಅಂಕಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಇಂಥದ್ದೇ ಹಳೆಯ ಕತೆ ಲಿಬಿಯಾದ್ದು. ಅಲ್ಲಿನ ಅಲ್ ಅಜೀಜಿಯಾದಲ್ಲಿ 1922ರಲ್ಲಿ 58 ಡಿಗ್ರಿ ದಾಖಲಾಗಿದೆ ಅಂತ 90 ವರ್ಷ ಪುಸ್ತಕಗಳಲ್ಲಿ ಅಚ್ಚಾಯಿತು. ವಿಶ್ವ ಹವಾಮಾನ ಸಂಸ್ಥೆ ಹಳೆಯ ಕೈಬರಹದ ಹಾಳೆಗಳನ್ನೆಲ್ಲ ತರಿಸಿ ನೋಡಿ 2012ರಲ್ಲಿ ಅದನ್ನು ರದ್ದು ಮಾಡಿತು.

ಈಗ ಮಳೆ ಪುಸ್ತಕಕ್ಕೆ ಬರುತ್ತೇನೆ. ಅಜ್ಜನ ಕಾಲದಲ್ಲಿ ರೈನ್ ಗೇಜ್ ಎಲ್ಲಿತ್ತು ಅಂತ ಚಿಕ್ಕಪ್ಪನನ್ನು ಕೇಳಿ. ಬಹುಶಃ ಹಳೆಯ ಮನೆಯ ಮುಂದಿನ ಕಣದಲ್ಲಿ ಇದ್ದಿರಬಹುದು. ಆಮೇಲೆ ಹೊಸ ಮನೆ ಕಟ್ಟಿದಾಗ ಜಾಗ ಬದಲಾಗಿರಬಹುದು. ಅಥವಾ ಪಕ್ಕದಲ್ಲಿ ಸಿಲ್ವರ್ ಓಕ್ ಬೆಳೆದು ಮಳೆ ಅಡ್ಡಗಟ್ಟಿರಬಹುದು. ಆ ವರ್ಷದಿಂದ ಲೆಕ್ಕ ಒಂದೇ ಸಲಕ್ಕೆ ಹತ್ತು ಇಂಚು ಕಡಿಮೆಯಾಯಿತು ಅಂತಿಟ್ಟುಕೊಳ್ಳಿ. ಪಕ್ಕದ ನಾಲ್ಕು ತೋಟಗಳಲ್ಲಿ ಹಾಗೇನೂ ಆಗಿಲ್ಲ. ಆಗ ಚಿಕ್ಕಪ್ಪ ಮಳೆ ಕಡಿಮೆಯಾಯಿತು ಅನ್ನುತ್ತಾರೋ, ಗೇಜಿನ ಜಾಗ ಸರಿಯಿಲ್ಲ ಅನ್ನುತ್ತಾರೋ? ಪಕ್ಕದ ತೋಟಗಳ ಜೊತೆ ಹೋಲಿಸಿ ಹಳೆಯ ಲೆಕ್ಕವನ್ನೂ ಹೊಸದನ್ನೂ ಒಂದೇ ಅಳತೆಗೆ ತರುವುದು ಮೋಸವಲ್ಲ. ತರದೇ ಇದ್ದರೆ ಪುಸ್ತಕವೇ ತಪ್ಪು ಹೇಳುತ್ತದೆ. ಜಗತ್ತಿನ ಸಾವಿರಾರು ಕೇಂದ್ರಗಳಿಗೆ ತಾಪಮಾನದಲ್ಲಿ ಮಾಡಿದ್ದೂ ಇದೇ ಕೆಲಸ.

ಅಮೆರಿಕದ ದಾಖಲೆಯ ಮೇಲೆ ಈ ಆರೋಪ ಅತಿ ಹೆಚ್ಚು ಬರುತ್ತದೆ. ಅಲ್ಲಿ ನಡೆದದ್ದು ಇಷ್ಟು. ಹಿಂದೆ ದಿನದ ಗರಿಷ್ಠ, ಕನಿಷ್ಠ ತೋರಿಸುವ ಥರ್ಮಾಮೀಟರನ್ನು ದಿನಕ್ಕೊಮ್ಮೆ ಓದಿ, ಮತ್ತೆ ಮೊದಲಿನ ಸ್ಥಿತಿಗೆ ತಂದು ಇಡುತ್ತಿದ್ದರು. ಓದುತ್ತಿದ್ದವರಲ್ಲಿ ಹೆಚ್ಚಿನವರು ಊರಿನ ಸ್ವಯಂಸೇವಕರು. ಸಂಜೆ 5ಕ್ಕೆ ಓದಿದರು ಅಂತಿಟ್ಟುಕೊಳ್ಳಿ. ಆ ದಿನ ಉರಿ ಸೆಕೆ. ಓದಿ ಇಟ್ಟ ಗಳಿಗೆಯಲ್ಲೂ ಗಾಳಿ ಬಿಸಿಯಾಗೇ ಇದೆ. ಮರುದಿನ ತಂಪು. ಆದರೂ ಮರುದಿನದ ಗರಿಷ್ಠ ಅಂತ ಹಿಂದಿನ ಸಂಜೆ 5ರ ಬಿಸಿಯೇ ಉಳಿಯುತ್ತದೆ. ಒಂದು ಸೆಕೆಯ ದಿನ ಎರಡು ದಿನವಾಗಿ ಲೆಕ್ಕಕ್ಕೆ ಬಂತು. ಬೆಳಿಗ್ಗೆ 7ಕ್ಕೆ ಓದಿದರೆ ಇದರ ತಿರುಗುಮುರುಗು. ಒಂದು ಚಳಿಯ ಮುಂಜಾನೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

20ನೇ ಶತಮಾನದ ನಡುವಿನಿಂದ ಅಮೆರಿಕದ ಸ್ವಯಂಸೇವಕರು ನಿಧಾನವಾಗಿ ಸಂಜೆಯಿಂದ ಬೆಳಗಿಗೆ ಬದಲಾದರು. ಮಳೆ ನೀರು ಆವಿಯಾಗುವ ಮೊದಲು ಅಳೆಯಲು ಬೆಳಗೇ ಒಳ್ಳೆಯದು ಅನ್ನುವುದು ಕಾರಣ. ಹೀಗಾಗಿ ಹವೆ ಬದಲಾಗದಿದ್ದರೂ ಕಚ್ಚಾ ದಾಖಲೆಯಲ್ಲಿ ದೇಶ ತಂಪಾಗುತ್ತಿರುವಂತೆ ಕಂಡಿತು. ಅದನ್ನು ಸರಿಪಡಿಸಿದಾಗ ಅಮೆರಿಕದ ಏರಿಕೆಯ ಗೆರೆ ಸ್ವಲ್ಪ ಕಡಿದಾಯಿತು. ಚಿಕ್ಕಪ್ಪ ಕಳಿಸುವ ‘ಮೊದಲು–ನಂತರ’ ಗ್ರಾಫ್ ಬಹುತೇಕ ಇದೇ ಇರಬೇಕು. ಅಂಕಿ ನಿಜ. ಅದಕ್ಕೊಂದು ಕಾರಣವಿದೆ, ಆ ಕಾರಣವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಜೊತೆಗೆ ಅಮೆರಿಕ ಅಂದರೆ ಭೂಮಿಯ ಮೇಲ್ಮೈಯಲ್ಲಿ ಸುಮಾರು ಶೇ 2 ಮಾತ್ರ.

ಇಡೀ ಭೂಮಿಯ ಲೆಕ್ಕಕ್ಕೆ ಸಮುದ್ರ ಬೇಕು. ಮುಕ್ಕಾಲು ಪಾಲಿನ ಹತ್ತಿರ ಸಮುದ್ರವೇ ಅಲ್ವಾ. ಹಳೆಯ ಕಾಲದಲ್ಲಿ ಹಡಗಿನವರು ಹಗ್ಗ ಕಟ್ಟಿದ ಬಕೆಟ್ ಇಳಿಸಿ ಸಮುದ್ರದ ನೀರು ಸೇದಿ, ಅದರಲ್ಲಿ ಥರ್ಮಾಮೀಟರ್ ಇಡುತ್ತಿದ್ದರು. ಮೊದಲು ಮರದ ಬಕೆಟ್, ಆಮೇಲೆ ಕ್ಯಾನ್ವಾಸ್ ಬಟ್ಟೆಯದು. ಕ್ಯಾನ್ವಾಸ್ ಬಕೆಟ್ಟಿನ ನೀರು ಮೇಲೆ ಬರುವಷ್ಟರಲ್ಲಿ ಗಾಳಿಗೆ ತಂಪಾಗುತ್ತದೆ. ನಮ್ಮ ಮಣ್ಣಿನ ಮಡಕೆಯ ನೀರು ತಂಪಾಗುವ ಹಾಗೆಯೇ. ಮುಂದೆ ಹಡಗುಗಳು ಎಂಜಿನ್ ತಂಪು ಮಾಡಲು ಒಳಗೆ ಎಳೆದುಕೊಳ್ಳುವ ನೀರಿನ ತಾಪಮಾನ ಬರೆಯತೊಡಗಿದವು. ಎಂಜಿನ್ ಕೋಣೆಯ ಶಾಖಕ್ಕೆ ಅದು ಸ್ವಲ್ಪ ಜಾಸ್ತಿ ಬರುತ್ತದೆ. ಎರಡನ್ನೂ ಹಾಗೇ ಜೋಡಿಸಿದರೆ ಸಮುದ್ರ ಇದ್ದದ್ದಕ್ಕಿಂತ ಹೆಚ್ಚು ಬಿಸಿಯಾದಂತೆ ಕಾಣುತ್ತದೆ. ಅದಕ್ಕೇ ಹಳೆಯ ಬಕೆಟ್ ಅಂಕಿಗಳನ್ನು ಮೇಲಕ್ಕೆ ಏರಿಸಿದರು.

ಒಟ್ಟು ಪರಿಣಾಮ ನೋಡಿ. ನೆಲದ ಮೇಲಿನ ತಿದ್ದುಪಡಿ ಏರಿಕೆಯನ್ನು ತುಸು ಹೆಚ್ಚಿಸುತ್ತದೆ. ಸಮುದ್ರದ ತಿದ್ದುಪಡಿ ಅದಕ್ಕಿಂತ ಹೆಚ್ಚಾಗಿ ತಗ್ಗಿಸುತ್ತದೆ. ಎರಡೂ ಸೇರಿದರೆ, 19ನೇ ಶತಮಾನದ ಕೊನೆಯಿಂದ ಇಲ್ಲಿಯವರೆಗಿನ ಒಟ್ಟು ಏರಿಕೆ ತಿದ್ದಿದ ದಾಖಲೆಯಲ್ಲಿ ಕಚ್ಚಾ ದಾಖಲೆಗಿಂತ ಕಡಿಮೆ. ಒಂದೂ ತಿದ್ದುಪಡಿ ಬೇಡ ಅಂತ ಚಿಕ್ಕಪ್ಪ ಹಟ ಹಿಡಿದರೆ ಭೂಮಿ ಇನ್ನೂ ಜಾಸ್ತಿ ಬಿಸಿಯಾಗಿದೆ ಅಂತ ಒಪ್ಪಬೇಕಾಗುತ್ತದೆ. ಈ ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

2015ರಲ್ಲಿ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಇನ್ನೊಂದು ತಿದ್ದುಪಡಿ ಮಾಡಿತು. ಈಚೆಗೆ ಸಮುದ್ರದಲ್ಲಿ ತೇಲುವ ಬೂಯ್‌ಗಳು ಹೆಚ್ಚಾಗಿವೆ. ಅವು ಹಡಗುಗಳಿಗಿಂತ ಸುಮಾರು 0.12 ಡಿಗ್ರಿ ಕಡಿಮೆ ತೋರಿಸುತ್ತವೆ. ಬೂಯ್ ಹೆಚ್ಚಿದಷ್ಟೂ ಸಮುದ್ರ ಸುಮ್ನೆ ತಂಪಾದಂತೆ ಕಾಣುತ್ತಿತ್ತು, ಅದನ್ನು ಸರಿಮಾಡಿದರು. ಅಮೆರಿಕದ ಸಂಸತ್ತಿನವರೆಗೆ ಗಲಾಟೆ ಹೋಯಿತು. 2017ರಲ್ಲಿ ಬೇರೆ ಸಂಶೋಧಕರು ಹಡಗುಗಳನ್ನು ಪೂರ್ತಿ ಬಿಟ್ಟು, ಬೂಯ್ ಮಾತ್ರ, ಉಪಗ್ರಹ ಮಾತ್ರ, ಸಮುದ್ರದಲ್ಲಿ ಮುಳುಗಿ ಏಳುವ ಆರ್ಗೊ ತೇಲುಯಂತ್ರಗಳು ಮಾತ್ರ ಅಂತ ಬೇರೆ ಬೇರೆ ಲೆಕ್ಕ ಹಾಕಿದರು. ಮೂರೂ ಹೊಸ ತಿದ್ದುಪಡಿಗೇ ಹೊಂದಿದವು.

ಆದರೂ ಲೆಕ್ಕ ಹಾಕುವವರ ಮೇಲೆಯೇ ನಂಬಿಕೆ ಇಲ್ಲ ಅಂತ ಚಿಕ್ಕಪ್ಪ ಹೇಳಬಹುದು. ಅದಕ್ಕೂ ಒಂದು ಕತೆ ಇದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ರಿಚರ್ಡ್ ಮುಲ್ಲರ್ ಎಂಬ ಭೌತವಿಜ್ಞಾನಿ ಇದ್ದಾರೆ. ಅವರಿಗೂ ಈ ದಾಖಲೆಗಳ ಮೇಲೆ ಅನುಮಾನವಿತ್ತು. ನಗರದ ಬಿಸಿ, ಕೇಂದ್ರಗಳ ಆಯ್ಕೆ, ತಿದ್ದುಪಡಿ ಎಲ್ಲದರ ಮೇಲೂ. 2010ರಲ್ಲಿ ತಂಡ ಕಟ್ಟಿ, ಮೂವತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳ ದಾಖಲೆ ತೆಗೆದುಕೊಂಡು, ಹೊಸ ವಿಧಾನದಲ್ಲಿ ಮೊದಲಿನಿಂದ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ತೈಲ ಉದ್ಯಮದ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. ಬಂದ ಉತ್ತರ ನಾಸಾ, ನೋವಾ, ಬ್ರಿಟನ್ನಿನವರ ಗೆರೆಗಳ ಮೇಲೆಯೇ ಕೂತಿತು. 250 ವರ್ಷಗಳಲ್ಲಿ ನೆಲದ ಮೇಲಿನ ತಾಪಮಾನ ಸುಮಾರು 1.5 ಡಿಗ್ರಿ ಏರಿದೆ ಅಂತ ಅವರು ಕಂಡುಕೊಂಡರು. ತಾನು ಮನಸ್ಸು ಬದಲಿಸಿದ್ದೇನೆ ಅಂತ 2012ರಲ್ಲಿ ಪತ್ರಿಕೆಯಲ್ಲೇ ಬರೆದರು. ಅನುಮಾನ ಇದ್ದವರು ಮಾಡಬೇಕಾದ ಕೆಲಸ ಇದೇ. ಮುಲ್ಲರ್ ಬಗ್ಗೆ ನನಗೆ ತುಂಬಾ ಗೌರವವಿದೆ.

ಇನ್ನೊಬ್ಬರ ಹೆಸರು ಚಿಕ್ಕಪ್ಪನಿಗೆ ಹತ್ತಿರವಾಗಬಹುದು. ಗೈ ಕ್ಯಾಲೆಂಡರ್. ಬ್ರಿಟನ್ನಿನ ಎಂಜಿನಿಯರ್, ಆವಿಯ ಗುಣಗಳ ಮೇಲೆ ಕೆಲಸ ಮಾಡುತ್ತಿದ್ದವರು. ಹವಾಮಾನ ಅವರ ವೃತ್ತಿಯಲ್ಲ. 1938ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಜಗತ್ತಿನ 147 ಕೇಂದ್ರಗಳ ಅಂಕಿಗಳನ್ನು ಕೈಯಲ್ಲೇ ಕೂಡಿ ಭಾಗಿಸಿ, 50 ವರ್ಷಗಳಲ್ಲಿ ನೆಲದ ಮೇಲೆ ಸುಮಾರು 0.3 ಡಿಗ್ರಿ ಏರಿದೆ ಅಂದರು. ಕಲ್ಲಿದ್ದಲಿನ ಹೊಗೆಯಿಂದ ಹೆಚ್ಚುತ್ತಿರುವ ಕಾರ್ಬನ್ ಡೈಆಕ್ಸೈಡ್ ಕಾರಣ ಅಂದರು. ಹವಾಮಾನ ಪಂಡಿತರು ಆಗ ನಂಬಲಿಲ್ಲ. 75 ವರ್ಷಗಳ ನಂತರ ಅವರ ಗೆರೆಯನ್ನು ಇಂದಿನ ದಾಖಲೆಯ ಪಕ್ಕದಲ್ಲಿ ಇಟ್ಟು ನೋಡಿದಾಗ ಎರಡೂ ಬಹಳ ಚೆನ್ನಾಗಿ ಹೊಂದಿದವು.

ಉಪಗ್ರಹದ ವಿಷಯ. ಉಪಗ್ರಹದಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಗಾಳಿಯ ಆಮ್ಲಜನಕ ಹೊರಸೂಸುವ ಮೈಕ್ರೋವೇವ್ ಅಳೆದು, ಅದರಿಂದ ಹಲವು ಕಿಲೋಮೀಟರ್ ದಪ್ಪದ ಗಾಳಿಯ ತಾಪಮಾನವನ್ನು ಲೆಕ್ಕ ಹಾಕುತ್ತಾರೆ. ನಾವು ನಿಂತಿರುವ ಎತ್ತರದ ಅಳತೆ ಅದಲ್ಲ. ಅಮೆರಿಕದ ಅಲಬಾಮಾದಲ್ಲಿ ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್ 1979ರಿಂದ ಈಚೆಗಿನ ಇಂಥ ದಾಖಲೆ ಕಟ್ಟಿದರು. ಇಬ್ಬರೂ ಹವಾಮಾನದ ಆತಂಕ ಅತಿಯಾಯಿತು ಅನ್ನುವವರೇ. 1990ರ ದಶಕದಲ್ಲಿ ಅವರ ಲೆಕ್ಕದಲ್ಲಿ ಏರಿಕೆ ಕಾಣುತ್ತಿರಲಿಲ್ಲ. ಚಿಕ್ಕಪ್ಪ ಹೇಳುವ ಮಾತಿನ ಮೂಲ ಅದು.

ಆಮೇಲೆ ಎರಡು ತಪ್ಪು ಸಿಕ್ಕವು. ಉಪಗ್ರಹಗಳು ಮೆಲ್ಲಗೆ ಕೆಳಗಿಳಿಯುತ್ತಿರುವುದು ಲೆಕ್ಕಕ್ಕೆ ಬಂದಿರಲಿಲ್ಲ, ಅದನ್ನು 1998ರಲ್ಲಿ ಬೇರೆಯವರು ತೋರಿಸಿದರು. ಉಪಗ್ರಹ ಒಂದು ಜಾಗದ ಮೇಲೆ ಹಾದುಹೋಗುವ ಹೊತ್ತು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಅದರ ತಿದ್ದುಪಡಿಯಲ್ಲಿ ಕೂಡುವ ಕಡೆ ಕಳೆದಿದ್ದರು, ಅದು 2005ರಲ್ಲಿ ಬಯಲಾಯಿತು. ಅವರೂ ಒಪ್ಪಿ ಸರಿಮಾಡಿಕೊಂಡರು. ಈಗ ಅವರದೇ ದಾಖಲೆ ಹತ್ತು ವರ್ಷಕ್ಕೆ ಸುಮಾರು 0.15 ಡಿಗ್ರಿ ಏರಿಕೆ ತೋರಿಸುತ್ತದೆ. ತಿದ್ದದ ದಾಖಲೆ ಮಾತ್ರ ಶುದ್ಧ ಅನ್ನುವವರು ಉಪಗ್ರಹದ ದಾಖಲೆಯಲ್ಲಿ ಥರ್ಮಾಮೀಟರಿಗಿಂತ ಹೆಚ್ಚು ತಿದ್ದುಪಡಿ ಇದೆ ಅನ್ನುವುದನ್ನೂ ನೋಡಬೇಕು.

ಕಾಂಕ್ರೀಟಿನ ವಿಷಯದಲ್ಲಿ ಚಿಕ್ಕಪ್ಪ ಅರ್ಧ ಸರಿ. ಅದನ್ನು ನೀವು ಮೊದಲೇ ಒಪ್ಪಿಕೊಳ್ಳಿ. ಕೆರೆ ಮುಚ್ಚಿ, ಮರ ಕಡಿದು, ಟಾರು ಹಾಕಿದರೆ ರಾತ್ರಿಯ ಸೆಕೆ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಅದು ಆಗಿದೆ. ಬೆಂಗಳೂರು ನಗರದ ಗರಿಷ್ಠ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ. ಆದರೆ 1931ರ ಮೇನಲ್ಲೂ 38.9 ಡಿಗ್ರಿ ಮುಟ್ಟಿತ್ತು. ಒಂದು ಊರಿನ ಒಂದು ದಿನದ ಅಂಕಿ ಹಿಡಿದು ಭೂಮಿಯ ಮಾತಾಡಲು ಆಗುವುದಿಲ್ಲ, ಬೆಂಗಳೂರಿನದ್ದಾಗಲಿ ಬೇರೆ ಯಾವ ಊರಿನದ್ದಾಗಲಿ. ನಮ್ಮ ಕಡೆಯವರು ಒಂದು ಸೆಕೆಯ ಮಧ್ಯಾಹ್ನ ‘ನೋಡಿ, ಭೂಮಿ ಬಿಸಿಯಾಗುತ್ತಿದೆ’ ಅಂತ ಹಾಕುವುದೂ ತಪ್ಪೇ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಸದನಕ್ಕೆ ಹಿಮದ ಉಂಡೆ ತಂದು ತೋರಿಸಿದ್ದರು, ಹೊರಗೆ ಇಷ್ಟು ಚಳಿ ಇದೆ ಅಂತ. ಎರಡೂ ಒಂದೇ ಬಗೆಯ ವಾದ.

ನಗರದ ಬಿಸಿಯಿಂದ ಭೂಮಿಯ ಗೆರೆ ಏರಿಲ್ಲ ಅನ್ನುವುದಕ್ಕೆ ಸರಳ ಸಾಕ್ಷಿ ಸಮುದ್ರ. ಅಲ್ಲಿ ಊರೂ ಇಲ್ಲ, ಟಾರೂ ಇಲ್ಲ. ಆದರೂ ಬಿಸಿಯಾಗುತ್ತಿದೆ. ಈಗ ಸುಮಾರು ನಾಲ್ಕು ಸಾವಿರ ಆರ್ಗೊ ಯಂತ್ರಗಳು ಸಮುದ್ರದಲ್ಲಿ ಎರಡು ಕಿಲೋಮೀಟರ್ ಆಳದವರೆಗೆ ಮುಳುಗಿ ಎದ್ದು ತಾಪಮಾನ ಬರೆದು ಕಳಿಸುತ್ತಿವೆ. ಭೂಮಿಯಲ್ಲಿ ಹೆಚ್ಚಾಗಿ ಉಳಿಯುತ್ತಿರುವ ಶಾಖದಲ್ಲಿ ಶೇ 90ರಷ್ಟು ಸಮುದ್ರಕ್ಕೇ ಹೋಗುತ್ತಿದೆ. ಮುಲ್ಲರ್ ತಂಡವೂ ಹಳ್ಳಿಗಾಡಿನ ಕೇಂದ್ರಗಳನ್ನು ಬೇರೆ ಮಾಡಿ ಲೆಕ್ಕ ಹಾಕಿ ನೋಡಿತ್ತು. ಗೆರೆ ಬದಲಾಗಲಿಲ್ಲ. ಥರ್ಮಾಮೀಟರೇ ಬೇಡ ಅಂದರೆ ಜಪಾನಿನ ಕ್ಯೋಟೊ ಇದೆ. ಅಲ್ಲಿ ಚೆರ್ರಿ ಹೂ ಅರಳಿದ ದಿನವನ್ನು 9ನೇ ಶತಮಾನದಿಂದ ಬರೆದಿಟ್ಟಿದ್ದಾರೆ. 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿತು. ಸಾವಿರದ ಇನ್ನೂರು ವರ್ಷಗಳಲ್ಲಿ ಅಷ್ಟು ಬೇಗ ಅರಳಿದ ದಾಖಲೆ ಇರಲಿಲ್ಲ. ಕಾಫಿ ಹೂವಿನ ದಿನ ಗುರುತಿಡುವ ಮನೆಯವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಸೂರ್ಯ ಕಾರಣ ಅಂತ ಅವರು ಇನ್ನೂ ಹೇಳಿಲ್ಲ, ಹೇಳಬಹುದು. ಸೂರ್ಯನೇ ಕಾರಣವಾಗಿದ್ದರೆ ಗಾಳಿಯ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗಿನ ಪದರ ಬಿಸಿಯಾಗುತ್ತಿದೆ, ಮೇಲಿನ ಸ್ಟ್ರಾಟೊಸ್ಫಿಯರ್ ತಂಪಾಗುತ್ತಿದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಹೀಗಾಗುತ್ತದೆ ಅಂತ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು.

ವಾದ ಹಾದಿ ತಪ್ಪುವ ಇನ್ನೊಂದು ಜಾಗ ಇದೆ. 2024ರಲ್ಲಿ ಭೂಮಿ 1.55 ಡಿಗ್ರಿ ಹೆಚ್ಚು ಬಿಸಿ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಅದೇ ವರ್ಷ ಭಾರತ 0.65 ಡಿಗ್ರಿ ಹೆಚ್ಚು ಅಂತ ನಮ್ಮ ಹವಾಮಾನ ಇಲಾಖೆ ಹೇಳಿತು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಯಾರೋ ಫಾರ್ವರ್ಡ್ ಮಾಡುತ್ತಾರೆ. ಇಬ್ಬರೂ ಹೋಲಿಸಿದ್ದು ಬೇರೆ ಬೇರೆ ಕಾಲಕ್ಕೆ. ಅವರು 1850ರಿಂದ 1900ರ ಸರಾಸರಿಗೆ, ನಮ್ಮವರು 1991ರಿಂದ 2020ರ ಸರಾಸರಿಗೆ. ನಾಸಾದವರು 1951ರಿಂದ 1980 ಹಿಡಿಯುತ್ತಾರೆ. ಗೆರೆಯ ಆಕಾರ ಅದೇ ಇರುತ್ತದೆ, ಸೊನ್ನೆಯ ಜಾಗ ಮಾತ್ರ ಬೇರೆ. ಜೊತೆಗೆ ಭಾರತ ನಿಜವಾಗಿಯೂ ಜಗತ್ತಿನ ಸರಾಸರಿಗಿಂತ ಕಡಿಮೆ ಬಿಸಿಯಾಗಿದೆ. 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ. ಉತ್ತರ ಭಾರತದ ಹೊಗೆ, ಧೂಳು ಬಿಸಿಲನ್ನು ಸ್ವಲ್ಪ ತಡೆಯುತ್ತವೆ, ನೀರಾವರಿಯೂ ನೆಲ ತಂಪಾಗಿಡುತ್ತದೆ. ಇದನ್ನು ಅವರು ಎತ್ತುವ ಮೊದಲು ನೀವೇ ಹೇಳಿ.

ಈಗ, ಹೇಗೆ ಹೇಳುವುದು ಅನ್ನುವ ಪ್ರಶ್ನೆ. ನಲವತ್ತು ಜನ ನೋಡುವ ಗ್ರೂಪಿನಲ್ಲಿ ಹಿರಿಯರಿಗೆ ‘ನೀವು ತಪ್ಪು’ ಅನ್ನಬೇಡಿ. ಅಲ್ಲಿ ಅವರು ಸೋಲಲು ಸಾಧ್ಯವಿಲ್ಲ. ತೋಟಕ್ಕೆ ಹೋದಾಗ ಪಕ್ಕದಲ್ಲಿ ಕೂತು ಕೇಳಿ. ಒಂದು ಸಲಕ್ಕೆ ಒಂದೇ ವಿಷಯ. 1998ರ ಮಾತು ನಡೆಯುವಾಗ ಉಪಗ್ರಹಕ್ಕೆ ಹಾರಿದರೆ ಮೆತ್ತಗೆ ವಾಪಸ್ ತನ್ನಿ. ಎಲ್ಲಕ್ಕಿಂತ ಮೊದಲು ಇದನ್ನು ಕೇಳಿ: ‘ಚಿಕ್ಕಪ್ಪ, ಏನು ಕಂಡರೆ ನೀವು ಒಪ್ಪುತ್ತೀರಿ? ನಾನು ಏನು ಕಂಡರೆ ನಿಮ್ಮ ಮಾತು ಒಪ್ಪಬೇಕು?’ ಉತ್ತರವನ್ನು ಇಬ್ಬರೂ ಬರೆದಿಡಿ.

ಇದಕ್ಕೊಂದು ಒಳ್ಳೆಯ ಮಾದರಿ ಇದೆ. 2005ರಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಅನ್ನನ್ ಇಬ್ಬರು ರಷ್ಯನ್ ಸೌರ ವಿಜ್ಞಾನಿಗಳ ಜೊತೆ 10,000 ಡಾಲರ್ ಪಂಥ ಕಟ್ಟಿದರು. ಸೂರ್ಯನ ಚಟುವಟಿಕೆ ತಗ್ಗುವುದರಿಂದ ಭೂಮಿ ತಂಪಾಗುತ್ತದೆ ಅನ್ನುವುದು ರಷ್ಯದವರ ವಾದ. 1998ರಿಂದ 2003ರ ಸರಾಸರಿಯನ್ನು 2012ರಿಂದ 2017ರ ಸರಾಸರಿಗೆ ಹೋಲಿಸುವುದು ಅಂತ ಮೊದಲೇ ಒಪ್ಪಂದವಾಯಿತು. ಗಮನಿಸಿ, ಮೊದಲ ಭಾಗದಲ್ಲಿ ಆ 1998 ಕೂಡ ಇದೆ. ಎರಡನೇ ಭಾಗವೇ ಬಿಸಿಯಾಗಿತ್ತು. ನಿಮಗೆ ಹಣ ಕಟ್ಟಿ ಅನ್ನುತ್ತಿಲ್ಲ. ಉತ್ತರ ಗೊತ್ತಾಗುವ ಮೊದಲೇ ಅಳತೆಗೋಲು ನಿಗದಿ ಮಾಡಿಕೊಂಡರಲ್ಲ, ಅದು ನನಗೆ ಇಷ್ಟ.

ಆಮೇಲೆ ಲೆಕ್ಕವನ್ನು ಅವರ ಕೈಗೇ ಕೊಡಿ. ನಾಸಾದ ಅಂಕಿಗಳು 1880ರಿಂದ ತಿಂಗಳು ತಿಂಗಳಿನವು ಉಚಿತವಾಗಿ ಸಿಗುತ್ತವೆ. ಅಲಬಾಮಾದವರ ಉಪಗ್ರಹದ ಅಂಕಿಯೂ ಸಿಗುತ್ತದೆ. ಎಕ್ಸೆಲ್‌ನಲ್ಲಿ ಹಾಕಿದರೆ ಅರ್ಧ ಗಂಟೆಯ ಕೆಲಸ. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಕೊಡುತ್ತೇನೆ. ಶುರುವಿನ ವರ್ಷವನ್ನು ಒಂದೊಂದೇ ಬದಲಿಸುತ್ತಾ ಹತ್ತು ವರ್ಷದ ಗೆರೆ ಎಳೆಯಿರಿ, ಆಮೇಲೆ ಮೂವತ್ತು ವರ್ಷದ್ದು ಎಳೆಯಿರಿ ಅನ್ನುತ್ತೇನೆ. ಹತ್ತು ವರ್ಷದ ಗೆರೆಗಳು ಮೇಲೆ ಕೆಳಗೆ ಕುಣಿಯುತ್ತವೆ. 1970ರ ನಂತರದ ಮೂವತ್ತು ವರ್ಷದ ಗೆರೆಗಳೆಲ್ಲ ಒಂದೇ ಕಡೆ ಏರುತ್ತವೆ. ಬೇರೆಯವರು ಕಳಿಸಿದ ನೂರು ಗ್ರಾಫಿಗಿಂತ ತಾವೇ ಎಳೆದ ಒಂದು ಗೆರೆಯನ್ನು ಎಂಜಿನಿಯರ್ ನಂಬುತ್ತಾರೆ.

ಅವರಿಗೆ ಇನ್ನೂ ಅನುಮಾನಿಸುವ ಹಸಿವಿದ್ದರೆ ನಿಜವಾದ ಪ್ರಶ್ನೆಯೊಂದು ಇದೆ. 2023 ಮತ್ತು 2024ರಲ್ಲಿ ತಾಪಮಾನ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜಿಗಿಯಿತು. ಎಲ್ ನಿನೊ ಇತ್ತು, ಆದರೆ ಅದೊಂದೇ ಸಾಲುವುದಿಲ್ಲ ಅಂತ ಹಲವರು ಹೇಳುತ್ತಾರೆ. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿಯಿತು. ಹೊಗೆ ಕಡಿಮೆಯಾಗಿ ಸಮುದ್ರಕ್ಕೆ ಬಿಸಿಲು ಹೆಚ್ಚು ತಾಗಿತೇ? ಕೆಳಮಟ್ಟದ ಮೋಡಗಳೇ ಕಡಿಮೆಯಾದವೇ? ಯಾವುದರ ಪಾಲು ಎಷ್ಟು ಅನ್ನುವುದರ ಮೇಲೆ ವಿಜ್ಞಾನಿಗಳ ನಡುವೆಯೇ ವಾದ ನಡೆಯುತ್ತಿದೆ. ಚಿಕ್ಕಪ್ಪನಂಥವರು ತಲೆ ಕೆಡಿಸಿಕೊಳ್ಳಲು ಯೋಗ್ಯವಾದ ವಾದ ಅದು.

ಮುಂದಿನ ಸಲ ಊರಿಗೆ ಹೋದಾಗ ಮೊದಲು ಮಳೆ ಪುಸ್ತಕ ತೆಗೆಸಿ. ರೈನ್ ಗೇಜ್ ಯಾವ ವರ್ಷ ಜಾಗ ಬದಲಿಸಿತು ಅಂತ ಕೇಳಿ, ಆ ವರ್ಷದ ಪುಟವನ್ನು ಅವರ ಕೈಯಲ್ಲೇ ತೆರೆಸಿ. ಅಲ್ಲಿಂದ ಮಾತು ಶುರು ಮಾಡಿ. ಅವರು ಏನಂದರು ಅಂತ ನನಗೆ ಬರೆಯಿರಿ.